ಖಾಲಿ ಓಣಿ ಇಟ್ಟುಕೊಂಡ ಊರು

ಬಾಗಿಲು ಹಾಕುವುದರಲ್ಲಿ ಏನಿದೆ ಮಹಾ ಎಂದುಕೊಂಡೇ ನಾನು ಆ ಊರಿಗೆ ಹೋದದ್ದು. ಅಷ್ಟು ಹೊತ್ತಿಗಾಗಲೇ ಬೇಕಾದಷ್ಟು ಬಾಗಿಲು ನೋಡಿದ್ದೆ. ತಳ್ಳುವ ಬಾಗಿಲು, ಎಳೆಯುವ ಬಾಗಿಲು, ಮುಖದ ಮೇಲೆ ಬಡಿಯುವ ಬಾಗಿಲು. ಕೆಲವನ್ನು ನಾನೇ ಬಡಿದು ಬಂದಿದ್ದೆ. ಆದರೆ ಬಾಗಿಲು ಹಾಕುವ ಹೊತ್ತಿಗೆ ಇಡೀ ಊರು ಉಸಿರು ಬಿಗಿಹಿಡಿಯುವುದನ್ನು ಕಂಡದ್ದು ಅಲ್ಲಿ ಮಾತ್ರ.

ಅದು ಕಬ್ಬಿಣದ ಗುಡ್ಡವೊಂದಕ್ಕೆ ಸುತ್ತಿಕೊಂಡ ಊರು. ಊರಿಗೆಲ್ಲ ಒಂದೇ ಬೀದಿ. ಬಯಲಿನಲ್ಲಿ ಶುರುವಾಗಿ, ಗುಡ್ಡವನ್ನು ಒಂದು ಸುತ್ತು ಸುತ್ತಿ, ಅದರ ಪಕ್ಕಕ್ಕೇ ಇನ್ನೊಂದು ಸುತ್ತು ಸುತ್ತಿ, ಬುಗುರಿಗೆ ಚಾಟಿ ಸುತ್ತಿದ ಹಾಗೆ ಸುತ್ತುತ್ತಲೇ ಹೋಗಿ, ಕೊನೆಗೆ ಹೆಬ್ಬಾಗಿಲಿಗೆ ಬಂದು, ಅಲ್ಲಿಂದ ಮತ್ತೆ ಬಯಲಿಗೇ ಬೀಳುತ್ತದೆ. ಬಯಲಲ್ಲಿ ಸದಾ ಒಂದು ಗಾಳಿ. ಆ ಗಾಳಿ ಬೆನ್ನಿಗೆ ಕೈಯಿಟ್ಟು ತಳ್ಳುತ್ತದೆ, ಜನ ನಡೆಯುತ್ತಾರೆ. ಬಯಲಿಂದ ಬೀದಿಗೆ, ಬೀದಿಯಿಂದ ಹೆಬ್ಬಾಗಿಲಿಗೆ, ಹೆಬ್ಬಾಗಿಲಿಂದ ಬಯಲಿಗೆ. ನಡೆಯುತ್ತಲೇ ನೂಲುತ್ತಾರೆ, ನಡೆಯುತ್ತಲೇ ಅವರೆಕಾಯಿ ಸುಲಿಯುತ್ತಾರೆ, ನಡೆಯುತ್ತಲೇ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾರೆ. ಯಾಕೆ ಹೀಗೆ ನಡೆಯುತ್ತೀರಿ ಎಂದು ನಾನು ಕೇಳಿದೆ. ನೀನ್ಯಾಕೆ ಊರೂರು ಅಲೀತೀಯ ಎಂದು ಅವರು ಕೇಳಿದರು.

ಆ ಊರಿಗೆ ಇದ್ದ ಕಟ್ಟಳೆಯೂ ಒಂದೇ. ಅಲ್ಲಿ ಯಾವುದೂ ಥಟ್ಟನೆ ಶುರುವಾಗುವುದಿಲ್ಲ, ಯಾವುದೂ ಥಟ್ಟನೆ ನಿಲ್ಲುವುದಿಲ್ಲ. ಯಾರೋ ಕೂತು ಮಾಡಿದ ಕಟ್ಟಳೆಯಾಗಿದ್ದರೆ ಮುರಿಯಬಹುದಿತ್ತು. ಇದು ಹಾಗಲ್ಲ. ಬೆಳಿಗ್ಗೆ ಹೆಬ್ಬಾಗಿಲು ತೆರೆದಾಗ ಗಾಳಿ ಎಷ್ಟೇ ಜೋರಾಗಿ ನುಗ್ಗಲಿ, ಮೊದಲ ಗಳಿಗೆಯಲ್ಲಿ ಒಂದು ಹೆಜ್ಜೆಯೂ ಏಳುವುದಿಲ್ಲ. ಗುಡ್ಡ ಆ ಗಾಳಿಯನ್ನೆಲ್ಲ ತನ್ನ ಮೈಮೇಲೆ ಹಾಕಿಕೊಂಡು ತಡೆಯುತ್ತದೆ. ಆಮೇಲೆ ಒಂದು ಬೆರಳು ಅಲುಗುತ್ತದೆ, ಆಮೇಲೆ ಪಾದ, ಆಮೇಲೆ ಹೆಜ್ಜೆ. ಹೆಜ್ಜೆ ಬಿರುಸಾಗುತ್ತದೆ. ಬಿರುಸು ಏರುತ್ತ ಏರುತ್ತ, ಏರುವುದೇ ಕಡಿಮೆಯಾಗುತ್ತ, ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ನಡಿಗೆ ಒಂದೇ ಸಮ. ಆಗ ಗುಡ್ಡವೊಂದು ನಡುವೆ ಇದೆ ಎನ್ನುವುದೇ ಜನಕ್ಕೆ ಮರೆತುಹೋಗಿರುತ್ತದೆ.

ನಗುವೂ ಹಾಗೆಯೇ. ತಮಾಷೆ ಹೇಳಿದವನು ಮುಂದಿನ ಸುತ್ತಿಗೆ ಹೋದ ಮೇಲೆ ಕೇಳಿದವನಿಗೆ ನಗು ಬರುತ್ತದೆ, ಬಂದ ಮೇಲೆ ಉಂಡು ಮಲಗುವ ತನಕ ಹೋಗುವುದಿಲ್ಲ. ಗಂಡ ಹೆಂಡಿರ ಜಗಳ, ಕಾರಣ ಇಬ್ಬರಿಗೂ ಮರೆತ ಮೇಲೆ, ಬರೀ 'ಹೂಂ, ಮತ್ತೆ?' 'ಹೂಂ, ಮತ್ತೆ?' ಎಂಬಷ್ಟಕ್ಕೆ ಇಳಿದು ಸಾಗುತ್ತಲೇ ಇರುತ್ತದೆ. ಯಾರಾದರೂ ತೀರಿಕೊಂಡರೆ ಮೊದಲ ಸಂಜೆ ಅವರ ತಟ್ಟೆಗೆ ಒಂದು ಹಿಡಿ ಅನ್ನ ಬಡಿಸುತ್ತಾರೆ. ಮರುದಿನ ಅದರಲ್ಲಿ ಅರ್ಧ. ಅದರ ಮರುದಿನ ಆ ಅರ್ಧದಲ್ಲಿ ಅರ್ಧ. ಇರುವೆ ಹೊತ್ತೊಯ್ಯುವಷ್ಟಕ್ಕೆ ಬಂದ ಮೇಲೂ, ನಿಲ್ಲಿಸಿದೆವು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಬಂದವಳಿಗೂ ಅದೇ ಲೆಕ್ಕ. ನನಗೆ ಮೊದಲ ಹೊತ್ತು ಅರ್ಧ ರೊಟ್ಟಿ ಕೊಟ್ಟರು. ಜಿಪುಣರು ಎಂದುಕೊಂಡೆ. ಮಾರನೆಯ ದಿನ ಆ ಅರ್ಧದ ಜೊತೆಗೆ, ಕಡಿಮೆಯಿದ್ದುದರಲ್ಲಿ ಅರ್ಧ ಸೇರಿಸಿದರು. ಆಮೇಲೆ ಉಳಿದುದರಲ್ಲಿ ಮತ್ತೆ ಅರ್ಧ. ಎಂದೋ ಒಂದು ದಿನ ನನ್ನ ರೊಟ್ಟಿಯನ್ನೂ ಪಕ್ಕದವಳ ರೊಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ವ್ಯತ್ಯಾಸ ಇದ್ದಿರಬೇಕು, ನನ್ನ ಕಣ್ಣಿಗೆ ಕಾಣಲಿಲ್ಲ. ಅರ್ಧ ದಿನಕ್ಕೆಂದು ಬಂದವಳು ಹೀಗೆ ಉಳಿದುಬಿಟ್ಟಿದ್ದೆ.

ನಾನು ಉಳಿದದ್ದು ಹೆಬ್ಬಾಗಿಲ ಪಕ್ಕದ ಕೋಣೆಯಲ್ಲಿ, ಕದದವಳ ಜೊತೆ. ಬೆಳಿಗ್ಗೆ ಕದ ತೆರೆಯುವುದು, ದೀಪ ಹಚ್ಚುವ ಹೊತ್ತಿಗೆ ಕದ ಹಾಕುವುದು ಅವಳ ಕೆಲಸ. ಅವಳ ತಾಯಿಗೂ ಅದೇ ಕೆಲಸವಿತ್ತು. ಈಗ ಆ ಮುದುಕಿ ಕಟ್ಟೆಯ ಮೇಲೆ ಕೂತಿರುತ್ತಿದ್ದಳು, ಮಗಳು ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಮುದುಕಿಯ ಅಂಗೈ ಎರಡೂ ಕರಗಿ ಗಟ್ಟಿಯಾದ ಮೇಣದ ಹಾಗೆ ನುಣ್ಣಗೆ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

"ಏನವ್ವ, ಕೈಗೇನಾಯ್ತು?" ಎಂದು ಕೇಳಿದ್ದೆ.

"ನೋಡು, ಒಂದು ಗೆರೆ ಇಲ್ಲ" ಎಂದು ಮುದುಕಿ ಅಂಗೈ ಮುಂದೆ ಚಾಚಿದಳು. "ಯಾವ ಜೋಯಿಸ ಬಂದ್ರೂ ನನ್ನ ಹಣೆಬರಹ ಹೇಳಕ್ಕಾಗಲ್ಲ. ಅಷ್ಟು ನಿರಾಳ ನಂಗೆ."

"ತಮಾಷೆ ಆಮೇಲೆ ಮಾಡು, ಬಾಯಿ ತೆಗಿ" ಎಂದಳು ಮಗಳು.

ಮುದುಕಿ ನುಂಗಿ, ಗಲ್ಲ ಒರೆಸಿಸಿಕೊಂಡು, ಹೆಬ್ಬಾಗಿಲ ಪಕ್ಕದ ಓಣಿಯತ್ತ ಮುಖ ಮಾಡಿದಳು. ಬೀದಿಯ ಕೊನೆಯಿಂದ ಬೀದಿಯ ಶುರುವಿಗೆ ನೇರವಾಗಿ ಹೋಗುವ ಓಣಿ ಅದು. ಹಾಸಿದ ಕಲ್ಲುಗಳು ಮೀನಿನ ಪೊರೆಯಂತೆ ಒಂದೇ ಕಡೆಗೆ ಬಾಗಿದ್ದವು. ಹೋಗುವವರಿಗೆ ಕಾಲು ಜಾರಿಕೊಂಡು ಹೋಗುತ್ತದೆ, ಎದುರಿಂದ ಬರುವವರಿಗೆ ಬೆರಳು ಎಡವುತ್ತದೆ. ಹಗಲೆಲ್ಲ ಅಲ್ಲಿ ಒಂದು ನಾಯಿಯೂ ಸುಳಿಯುವುದಿಲ್ಲ. ಆದರೂ ಕದದವಳು ಪ್ರತಿ ಮಧ್ಯಾಹ್ನ ಅದನ್ನು ಗುಡಿಸಿ ನೀರು ಚಿಮುಕಿಸುತ್ತಿದ್ದಳು.

"ಒಂದಿನ ಯಾರೋ ಓಣೀಲಿ ಹುಲ್ಲಿನ ಗಾಡಿ ಬಿಟ್ಟು ಹೋಗಿದ್ರು" ಎಂದಳು ಮುದುಕಿ. "ನಾನು ನೋಡ್ಲಿಲ್ಲ. ಕದ ಹಾಕ್ದೆ. ಕದ ಹಾಕಿದ ಮಾತ್ರಕ್ಕೆ ನಡಿಗೆ ನಿಲ್ಲುತ್ತಾ ತಾಯಿ? ಅದು ಕಾಲಲ್ಲಿರೋದಲ್ಲ, ಗುಡ್ಡದೊಳಗೆ ಇರೋದು. ಹಗಲೆಲ್ಲಾ ಗುಡ್ಡ ಕುಡ್ಕೊಂಡಿರುತ್ತೆ, ಸಂಜೆ ಕಕ್ಕಬೇಕಲ್ಲ. ಮುಂದೆ ಕದ, ಪಕ್ಕದಲ್ಲಿ ಗಾಡಿ, ಹಿಂದೆ ಊರಿಗೆ ಊರೇ ತಳ್ತಾ ಇದೆ. ದಾರಿ ಸಿಗದೆ ಇದ್ದಾಗ ಅದು ಕದಾನೇ ಹಾರ್ತು. ನೀಲಿ ಬೆಂಕಿ. ಅಗುಳಿ ಹಿಡ್ಕೊಂಡಿದ್ದೋಳು ನಾನು."

ಹೆಬ್ಬಾಗಿಲ ಚೌಕಟ್ಟಿನ ಮೇಲೆ ಕರೀ ಕಲೆಯೊಂದು ಇತ್ತು, ದೊಡ್ಡ ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ. ಊರೆಲ್ಲ ಸುಣ್ಣ ಬಳಿದರೂ ಅದರ ಮೇಲೆ ಬಳಿಯುತ್ತಿರಲಿಲ್ಲ.

ಓಣಿ ಖಾಲಿಯಿದ್ದರೆ ಕದ ಹಾಕುವುದು ನೋಡಲು ಚೆಂದ. ಕದದವಳು ಅಗುಳಿ ಜಡಿಯುತ್ತಾಳೆ, ಬಯಲಿನ ಗಾಳಿ ಕತ್ತರಿಸಿದಂತೆ ನಿಲ್ಲುತ್ತದೆ. ಜನ ನಿಲ್ಲುವುದಿಲ್ಲ. ಬೀದಿಯ ಕೊನೆಗೆ ಬಂದವರು ಕದ ಕಂಡು ಪಕ್ಕದ ಓಣಿಗೆ ತಿರುಗುತ್ತಾರೆ, ಓಣಿಯಿಂದ ಬೀದಿಯ ಶುರುವಿಗೆ, ಮತ್ತೆ ಗುಡ್ಡದ ಸುತ್ತ, ಮತ್ತೆ ಓಣಿಗೆ. ಯಾರೂ ತಳ್ಳುತ್ತಿಲ್ಲ, ಆದರೂ ನಡೆಯುತ್ತಿದ್ದಾರೆ. ಪ್ರತಿ ಸುತ್ತಿಗೂ ಒಂದಿಷ್ಟು ಬಿರುಸು ಇಳಿಯುತ್ತದೆ. ಒಬ್ಬೊಬ್ಬರೇ ಅವರವರ ಮನೆಯ ಮುಂದೆ, ಎಲೆ ಕಳಚಿದ ಹಾಗೆ, ಸಾಲಿನಿಂದ ಕಳಚಿಕೊಳ್ಳುತ್ತಾರೆ. ಕೊನೆಕೊನೆಗೆ ಓಣಿಯಲ್ಲಿ ಉಳಿಯುವುದು ಹೆಜ್ಜೆಯಲ್ಲ, ಹೆಜ್ಜೆಯ ನೆನಪು. ಅದೂ ತೆಳುವಾದ ಮೇಲೆ ಮುದುಕಿ "ಹೂಂ, ಮಲಗ್ತು" ಎನ್ನುತ್ತಾಳೆ. ಯಾವ ದೇಶದ ಸಂಗೀತ ಕಚೇರಿಯೂ ಇಷ್ಟು ಒಳ್ಳೆಯದಾಗಿ ಮುಗಿದದ್ದನ್ನು ನಾನು ಕಂಡಿಲ್ಲ.

ಇಂಥ ಊರಲ್ಲಿ ಯಜಮಾನನ ಮಗಳಿಗೆ ಮದುವೆ ಗೊತ್ತಾಯಿತು. ಊರ ಯಜಮಾನ ಒಳ್ಳೆಯವನು, ತನ್ನ ಮನೆಯ ಮದುವೆಗೆ ಊರವರೆಲ್ಲ ಒಟ್ಟಿಗೆ ಕೂತು ಉಣ್ಣಬೇಕೆಂಬ ಆಸೆಯವನು. ಒಂದು ಮಧ್ಯಾಹ್ನ ಬಂದು ಗುಡಿಸಿದ ಓಣಿಯನ್ನು ಉದ್ದಕ್ಕೂ ನೋಡಿದ.

"ನೆರಳಿದೆ, ಉದ್ದ ಇದೆ, ಪಂಕ್ತಿ ಹಾಕೋಕೆ ಹೇಳಿ ಮಾಡಿಸಿದ ಹಾಗಿದೆ. ಹಗಲೆಲ್ಲಾ ಖಾಲಿ ಬಿದ್ದಿರುತ್ತಲ್ಲ, ಇಲ್ಲೇ ಚಪ್ಪರ ಹಾಕೋಣ."

"ಸಂಜೆಗೆ?" ಎಂದಳು ಕದದವಳು.

"ಸಂಜೆ ಒಳಗೆ ಮುಗಿಸೋಣ. ಬೆಳಿಗ್ಗೆ ಬೇಗ ಶುರು ಮಾಡಿದ್ರೆ ಆಯ್ತು."

"ನಿನ್ನ ಮದುವೆ ವಾಲಗ ಇನ್ನೂ ನನ್ನ ಕಿವೀಲಿ ಪೂರ್ತಿ ನಿಂತಿಲ್ಲ ಕಣೋ" ಎಂದಳು ಮುದುಕಿ.

ಸುತ್ತ ನಡೆಯುತ್ತಿದ್ದವರು ನಕ್ಕರು, ಸ್ವಲ್ಪ ಹೊತ್ತಿನ ನಂತರ. ಯಜಮಾನನ ಮಾತಿಗೆ ಅದಕ್ಕೂ ಮೊದಲೇ ತಲೆಯಾಡಿಸಲು ಶುರು ಮಾಡಿದ್ದರು. ಆ ಊರಲ್ಲಿ ಒಮ್ಮೆ ತಲೆಯಾಡಿಸಲು ತೊಡಗಿದವರು ಬೇಗ ನಿಲ್ಲಿಸಲಾರರು. ಹಾಗಾಗಿ ಒಪ್ಪಿಗೆಯಾಯಿತು.

ಮದುವೆ ಬೆಳಿಗ್ಗೆ ಬೇಗ ಶುರುವಾಯಿತು, ಎಂದರೆ ಶುರುವಾಗಲು ಶುರುವಾಯಿತು. ವಾಲಗದವರು ಉಸಿರೆಳೆದುಕೊಂಡದ್ದು ಬೆಳಿಗ್ಗೆ, ನಾದ ಬಂದದ್ದು ಬಿಸಿಲೇರಿದ ಮೇಲೆ. ಧಾರೆಯ ನೀರು ಹನಿ ಹನಿಯಾಗಿ ಇಳಿದು ಧಾರೆಯಾಗುವಷ್ಟರಲ್ಲಿ ನೆರಳು ಗುಡ್ಡದ ಆ ಕಡೆಗೆ ದಾಟಿತ್ತು. ಓಣಿಯ ತುಂಬ ಚಪ್ಪರದ ಕಂಬ, ಎಲೆಗಳ ಸಾಲು, ಪಾಯಸದ ಕೊಪ್ಪರಿಗೆ. ಬೀದಿಯಲ್ಲಿ ನಡಿಗೆ ನಡೆದೇ ಇತ್ತು. ಒಂದು ಸುತ್ತು ಮುಗಿಸಿದವರು ಬಂದು ಎಲೆಯ ಮುಂದೆ ಕೂರುವುದು, ಉಂಡವರು ಎದ್ದು ಸಾಲಿಗೆ ಸೇರುವುದು. ಹೊಟ್ಟೆ ತುಂಬಿದ ನಡಿಗೆ ಅಂದು ಎಂದಿಗಿಂತ ಬಿರುಸಾಗಿತ್ತು.

ನಾನು ಮದುಮಗಳನ್ನೇ ನೋಡುತ್ತಿದ್ದೆ. ಅರಿಶಿನದ ಮುಖ, ತಗ್ಗಿಸಿದ ಕಣ್ಣು. ಮಧ್ಯಾಹ್ನದ ಹೊತ್ತಿಗೆ ಅವಳು ತಲೆಯೆತ್ತಿ, ಓಣಿಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದಳು. ಆಮೇಲೆ ಹಸೆಮಣೆಯ ಮೇಲೆ ಒಂಚೂರು ಮುಂದಕ್ಕೆ ಬಾಗಿದಳು. ಸೊಂಟ ನೋವಿರಬೇಕು ಎಂದುಕೊಂಡೆ.

ಹೊತ್ತು ಇಳಿಯಿತು. ಮದುವೆ ಇಳಿಯಲಿಲ್ಲ. ಉಂಡವರು ಖಾಲಿ ಎಲೆಯಿಂದ ಬೆರಳ ತುದಿಯಷ್ಟು ಪಾಯಸ ನೆಕ್ಕುತ್ತ, ಅದರ ಅರ್ಧ ನೆಕ್ಕುತ್ತ, ಕೂತೇ ಇದ್ದರು. ವಾಲಗ ನುಡಿಯುತ್ತಲೇ ಇತ್ತು. ಬಡಿಸುವವರು ಖಾಲಿ ಸೌಟು ಹಿಡಿದು ಪಂಕ್ತಿಯ ಮೇಲೆ ಬಾಗುತ್ತಲೇ ಇದ್ದರು.

ಕದದವಳು ಚಪ್ಪರದ ಬಾಯಲ್ಲಿ ಬಂದು ನಿಂತಳು. "ಯಜಮಾನ್ರೇ, ದೀಪ ಹಚ್ಚೋ ಹೊತ್ತಾಯ್ತು."

ಯಜಮಾನ ಆಕಾಶ ನೋಡಿದ, ಪಂಕ್ತಿ ನೋಡಿದ. ಅವನ ಮುಖದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ, ಅದರ ಕೆಳಗೆ ಭಯ ಏಳತೊಡಗಿತ್ತು.

"ಕಂಬ ಕಿತ್ತುಹಾಕಿ, ಅದರಲ್ಲೇನು?" ಎಂದೆ ನಾನು. ಪರದೇಶದವರ ಬುದ್ಧಿ. ಎಲ್ಲರೂ ಒಪ್ಪಿದರು. ಒಬ್ಬ ಹಗ್ಗದ ಗಂಟಿಗೆ ಕೈಯಿಟ್ಟ. ಇಟ್ಟುಕೊಂಡೇ ಇದ್ದ. ಬೆರಳು ಅಲುಗಲು ಇನ್ನೂ ಹೊತ್ತಿತ್ತು. ಕೋಪ ಬಂದು ನಾನೇ ಇನ್ನೊಂದು ಗಂಟಿಗೆ ಕೈಹಾಕಿದೆ. ನನ್ನ ಬೆರಳೂ ಅಲುಗಲಿಲ್ಲ. ಆಗಲೇ ನನಗೆ ಗೊತ್ತಾದದ್ದು, ನನ್ನ ಪಾಲಿನ ರೊಟ್ಟಿ ತುಂಬಿಹೋಗಿದೆ, ನಾನೂ ಆ ಊರವಳೇ ಆಗಿದ್ದೇನೆ ಎಂದು.

"ಇವತ್ತೊಂದಿನ ಕದ ತೆಗೆದೇ ಇರ್ಲಿ" ಎಂದ ಯಜಮಾನ. ಅವನ ದನಿ ಆಣತಿಯಂತಿರಲಿಲ್ಲ, ಬೇಡಿಕೊಂಡಂತಿತ್ತು.

"ನಮ್ಮಜ್ಜಿ ಕಾಲದಲ್ಲಿ ಹಂಗೇ ಬಿಟ್ಟಿದ್ರಂತೆ" ಎಂದಳು ಕದದವಳು. "ಕತ್ತಲಾದ ಮೇಲೆ ಬಯಲ ಗಾಳಿ ಎರಡು ಪಟ್ಟಾಗುತ್ತೆ. ಬೆಳಗಾಗೋ ಹೊತ್ತಿಗೆ ಬೀದಿ ಕಲ್ಲು ಕಾದು ಹಂಚಾಗಿತ್ತಂತೆ. ನಡೆಯೋರು ಅಳ್ತಾ ನಡೀತಿದ್ರಂತೆ, ನಿಲ್ಲಕ್ಕಾಗದೆ. ನಮ್ಮೂರಲ್ಲಿ ಮಕ್ಕಳಿದ್ದಾರೆ, ಬಸುರೀರು ಇದ್ದಾರೆ."

"ಹಂಗಾದ್ರೆ?"

"ಹಂಗಾದ್ರೆ ಕದ ಹಾಕ್ಬೇಕು."

ಅವಳು ತನ್ನ ಅಂಗೈಗಳನ್ನು ಒಮ್ಮೆ ನೋಡಿಕೊಂಡಳು. ಗೆರೆಗಳು ಇದ್ದವು, ಪೊರಕೆ ಹಿಡಿದ ಗಂಟುಗಳಿದ್ದವು, ತಾಯಿಗೆ ತುತ್ತು ಮಾಡಿದ ಬೆರಳುಗಳಿದ್ದವು. ಕಟ್ಟೆಯ ಮೇಲಿಂದ ಮುದುಕಿ ಇಳಿಯಲು ಒದ್ದಾಡುತ್ತಿದ್ದಳು.

"ನೀನು ಆ ಕಡೆ ಸರಿ, ನಾನು ಹಾಕ್ತೀನಿ. ನನ್ನ ಕೈ ಆಗ್ಲೇ ಸುಟ್ಟಾಗಿದೆ, ಇನ್ನೇನು ಸುಡುತ್ತೆ?"

"ನಿನ್ನ ಕೈಗೆ ಒಂದು ತುತ್ತು ಹಿಡಿಯೋಕೆ ಬರಲ್ಲ, ಅಗುಳಿ ಹಿಡೀತೀಯಾ? ಸುಮ್ನೆ ಕೂತ್ಕೋ ಅವ್ವಾ."

"ನಿನ್ನ ಕೈಯೂ ಹೋದ್ರೆ ನಮ್ಮಿಬ್ರಿಗೂ ಯಾರೇ ಉಣಿಸೋರು?"

ಕದದವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಹೆಬ್ಬಾಗಿಲ ಕಡೆಗೆ ನಡೆದಳು. ಎಲ್ಲರೂ ಅವಳ ಕೈಗಳನ್ನೇ ನೋಡುತ್ತಿದ್ದರು. ಹೀಗಾಗಿ ಮದುಮಗಳು ಹಸೆಯ ಮೇಲೆ ಇಲ್ಲ ಎನ್ನುವುದನ್ನು ಯಾರೂ ನೋಡಲಿಲ್ಲ.

ಅವಳು ಮಧ್ಯಾಹ್ನವೇ ಏಳಲು ಶುರು ಮಾಡಿದ್ದಳು. ಓಣಿಯ ಉದ್ದಕ್ಕೂ ಕಣ್ಣಾಡಿಸಿ, ಇದು ಸಂಜೆಗೆ ಖಾಲಿಯಾಗುವುದಿಲ್ಲ ಎಂದು ಗೊತ್ತಾದ ಗಳಿಗೆಯಲ್ಲೇ ಏಳಲು ತೊಡಗಿದ್ದಳು. ಯಾರಿಗೂ ಕಾಣದ ಹಾಗೆ ಏಳುತ್ತ ಏಳುತ್ತ, ಈಗ ಅವಳ ಹೆಜ್ಜೆಗೆ ಬಿರುಸು ತುಂಬಿತ್ತು. ಯಜಮಾನನ ಮನೆ ಓಣಿಯ ಪಕ್ಕದಲ್ಲೇ ಇತ್ತು. ಮುಂಬಾಗಿಲು ಹೆಬ್ಬಾಗಿಲ ಎದುರಿಗೆ, ಹಿತ್ತಿಲ ಬಾಗಿಲು ಬೀದಿಯ ಶುರುವಿಗೆ. ನಡುವೆ ಪಡಸಾಲೆ, ದೇವರ ಮೂಲೆ, ಅಡುಗೆಮನೆ. ಮದುಮಗಳು ಮುಂಬಾಗಿಲಿನ ಎರಡು ಕದವನ್ನೂ ಗೋಡೆಗೆ ತಾಗುವಂತೆ ತೆರೆದಳು. ಬಳೆಗಳ ಸದ್ದು ಒಳಗೆ ಓಡಿತು. ಹಿತ್ತಿಲ ಬಾಗಿಲೂ ತೆರೆದುಕೊಂಡಿತು.

"ಏನೇ ಮಾಡ್ತಿದೀಯ?" ಎಂದು ಯಜಮಾನಿ ಚಪ್ಪರದಿಂದಲೇ ಕೂಗಿದಳು.

"ದಾರಿ ಮಾಡ್ತಿದೀನಿ ಅಮ್ಮಾ."

"ನನ್ನ ಅಡುಗೆಮನೆ ಮೇಲಾ? ಊರಿಗೆ ಊರೇ ನನ್ನ ಒಲೆ ದಾಟ್ಕೊಂಡು ಹೋಗುತ್ತಾ? ರೀ, ನೋಡ್ರೀ ನಿಮ್ಮ ಮಗಳು!"

ಯಜಮಾನ ಮಗಳನ್ನು ನೋಡಿದ. ಅವನ ಮನೆಯ ಹೊಸಿಲನ್ನು ಕೇಳದೆ ದಾಟಿದವರು ಆ ಊರಲ್ಲಿ ಇರಲಿಲ್ಲ. ಆಮೇಲೆ ಅಗುಳಿಯ ಮೇಲೆ ಕೈಯಿಟ್ಟು ನಿಂತ ಕದದವಳನ್ನು ನೋಡಿದ. "ಹೋಗ್ಲಿ ಬಿಡೇ" ಎಂದ. ಹೇಳಲು ಅವನಿಗೂ ಹೊತ್ತು ಹಿಡಿಯಿತು, ಆದರೆ ಹೇಳಿದ. "ಎಲ್ಲರೂ ಒಟ್ಟಿಗೆ ಬರ್ಲಿ ಅಂತ ಕರೆದೋನು ನಾನೇ ಅಲ್ವಾ?"

ಕದದವಳು ಕಣ್ಣು ಮುಚ್ಚಿಕೊಂಡು ಅಗುಳಿ ಜಡಿದಳು.

ಗಾಳಿ ಕತ್ತರಿಸಿದಂತೆ ನಿಂತಿತು. ಬೀದಿಯ ಕೊನೆಯಲ್ಲಿ ಬಂದವರು ಕದ ಕಂಡರು, ಓಣಿಗೆ ತಿರುಗಿದರು, ಕೊಪ್ಪರಿಗೆ ಕಂಡರು. ಒಂದು ಕ್ಷಣ ಹೆಬ್ಬಾಗಿಲ ಮುಂದೆ ಒತ್ತಡ ಎದ್ದಿತು. ನನ್ನ ಕೂದಲು ತಲೆಯ ಮೇಲೆ ನೆಟ್ಟಗಾಯಿತು. ಅಗುಳಿಯ ತುದಿಯಲ್ಲಿ, ಕದದವಳ ಬೆರಳ ಗೆಣ್ಣಿನ ಪಕ್ಕದಲ್ಲೇ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ನೀಲಿಯಾಗಿ ಏನೋ ಸಿಡಿಯಿತು. ಮುದುಕಿ ಕಿರುಚಿದಳು. ಅಷ್ಟರಲ್ಲಿ ಸಾಲಿನ ಮೊದಲನೆಯವನು ತಲೆ ತಗ್ಗಿಸಿ ಯಜಮಾನನ ಹೊಸಿಲು ದಾಟಿದ.

ಅವನ ಹಿಂದೆ ಊರು ದಾಟಿತು. ಓಣಿಯಂತೆ ಸಲೀಸಾದ ದಾರಿಯಲ್ಲ ಅದು. ಬಾಗಿಲಲ್ಲಿ ಬಗ್ಗಬೇಕು, ಎತ್ತರದ ಹೊಸಿಲು ಮೆಟ್ಟದೆ ಕಾಲೆತ್ತಿಡಬೇಕು, ಒರಳುಕಲ್ಲನ್ನು ಬಳಸಬೇಕು, ದೇವರ ಮುಂದೆ ಕೈ ಮುಗಿಯಬೇಕು, ಯಜಮಾನಿಯ ಬೈಗುಳ ಕೇಳಿಸಿಕೊಳ್ಳಬೇಕು. ಅವಳು ಆಗಲೇ ಓಡಿ ಬಂದು ಒಲೆಗೆ ಬೆನ್ನು ಕೊಟ್ಟು ನಿಂತಿದ್ದಳು.

"ಒಲೆ ನೋಡ್ಕೊಂಡು! ಏ, ಕಾಲು ತೊಳೆದಿದೀಯೇನೋ? ಒಲೆ ನೋಡ್ಕೊಂಡು ಹೋಗಿ ಅಂದ್ರೆ! ಅಯ್ಯೋ ನನ್ನ ತಪ್ಪಲೆ!"

ಅಟ್ಟದ ಮೇಲಿನ ಪಾತ್ರೆಗಳು ಒಂದಕ್ಕೊಂದು ಬಡಿದುಕೊಂಡವು. ದೇವರ ದೀಪ ಒಂದು ಮೊಳ ಎದ್ದು ಉರಿಯಿತು. ಪಡಸಾಲೆಯ ಗೋಡೆ ಮೇಲಿಂದ ಕೆಳಗೆ ಒಂದು ಬಿರುಕು ಬಿಟ್ಟಿತು. ಆದರೆ ಅಷ್ಟೆಲ್ಲ ಬಗ್ಗಿ, ಬಳಸಿ, ಮುಗಿದು, ಬೈಸಿಕೊಂಡು ಹಿತ್ತಿಲಿಗೆ ಬರುವಷ್ಟರಲ್ಲಿ ಪ್ರತಿಯೊಬ್ಬನ ಬಿರುಸೂ ಎಷ್ಟೋ ಇಳಿದಿರುತ್ತಿತ್ತು. ಎರಡನೆಯ ಸಲ ಬಂದಾಗ ಇನ್ನಷ್ಟು. ಓಣಿಯಲ್ಲಾದರೆ ರಾತ್ರಿಯೂಟದ ತನಕ ಎಳೆಯುತ್ತಿದ್ದ ನಡಿಗೆ, ಅಂದು ಪಡುವಣದ ಕೆಂಪು ಮಾಸುವ ಮೊದಲೇ ಮಲಗಿತು. ಪಾತ್ರೆಗಳ ಸದ್ದೂ ಅದರ ಜೊತೆ ಮಲಗಿತು.

ಜನಕ್ಕೆ ದಿಕ್ಕು ತೋಚಲಿಲ್ಲ. ಅವರಿಗೆ ಇಷ್ಟು ದೊಡ್ಡ ಸಂಜೆ ಎಂದೂ ಸಿಕ್ಕಿರಲಿಲ್ಲ. ಅವರವರ ಜಗಲಿಯ ಮೇಲೆ ಕೂತು, ಕೈ ಎಲ್ಲಿಡಬೇಕೆಂದು ತಿಳಿಯದೆ, ಪಕ್ಕದ ಮನೆಯವರ ಮುಖವನ್ನು ಮೊದಲ ಸಲ ನೋಡುವಂತೆ ನೋಡಿದರು. ಮದುಮಗಳು ತವರಿನ ಹಿತ್ತಿಲಲ್ಲಿ ಕಾಲು ಚಾಚಿ ಕೂತು ಆರಿದ ಪಾಯಸ ತಿಂದಳು. ಮದುಮಗ ಎಲ್ಲಿ ಎಂದು ಕೇಳಿದೆ. "ಇನ್ನೂ ತಾಳಿ ಕಟ್ಟಿದ ಕೈ ಇಳಿಸ್ತಿದ್ದಾರೆ" ಎಂದು ನಕ್ಕಳು.

ಹೆಬ್ಬಾಗಿಲ ಬಳಿ ಕದದವಳು ಅಗುಳಿಯನ್ನು ಬಿಟ್ಟಿರಲಿಲ್ಲ. ನಾನೂ ಮುದುಕಿಯೂ ಹೋಗಿ ನಿಂತೆವು.

"ತೋರ್ಸು" ಎಂದಳು ಮುದುಕಿ.

ಮಗಳು ಬೆರಳು ಬಿಡಿಸಿದಳು. ಒಂದು ಗೆಣ್ಣಿನ ಮೇಲಿನ ನಾಲ್ಕು ಕೂದಲು ಸುಟ್ಟಿದ್ದವು, ಅಷ್ಟೆ. ಮುದುಕಿಯ ಅಂಗೈಗೆ ಮುಟ್ಟಿದ್ದು ತಿಳಿಯುವುದಿಲ್ಲ. ಹಾಗಾಗಿ ಅವಳು ಬಗ್ಗಿ, ಮಗಳ ಕೈಯ ಮೇಲೆ ತನ್ನ ಕೆನ್ನೆಯಿಟ್ಟಳು. ಒಂದು ಕೆನ್ನೆ, ಆಮೇಲೆ ಇನ್ನೊಂದು ಕೆನ್ನೆ. ಮೂಸಿಯೂ ನೋಡಿದಳು.

"ಹಂದಿ ಸುಟ್ಟಂಗೆ ನಾರುತ್ತೆ" ಎಂದಳು. "ಹೋಗು, ತೊಳ್ಕೊಂಡು ಬಂದು ಊಟಕ್ಕಿಡು. ಹಸಿವು."

ಚಪ್ಪರವನ್ನು ತೆಗೆಯಲು ಹಿಡಿದ ಕಾಲದಲ್ಲಿ ಇನ್ನೊಂದು ಮದುವೆ ಮಾಡಬಹುದಿತ್ತು. ಓಣಿ ಪೂರ್ತಿ ಖಾಲಿಯಾಗುವವರೆಗೂ ಸಂಜೆ ಊರು ಯಜಮಾನನ ಮನೆಯೊಳಗಿಂದಲೇ ಹೋಯಿತು. ಓಣಿ ಖಾಲಿಯಾದ ಮೇಲೂ, ಬೇಗ ಮನೆ ಸೇರಬೇಕಾದವರು, ಎಳೆಕೂಸಿನ ತಾಯಂದಿರು, ಕಾಲು ನೋವಿನ ಮುದುಕರು, ಆ ಹೊಸಿಲನ್ನೇ ದಾಟುತ್ತಿದ್ದರು. ಯಜಮಾನ ಗೋಡೆಯ ಬಿರುಕಿಗೆ ಮಣ್ಣು ಮೆತ್ತಿಸಲಿಲ್ಲ. ಬಂದವರಿಗೆ ತೋರಿಸಿ, "ನನ್ನ ಮಗಳ ಮದುವೇದು" ಎನ್ನುತ್ತಿದ್ದ. ಮಗಳು ಗಂಡನ ಮನೆಗೆ ಹೊರಟದ್ದು, ಎರಡು ಸುತ್ತು ಆಚೆಗಿನ ಮನೆಗೆ, ದಿನಕ್ಕೆ ಒಂದಿಷ್ಟು ದೂರದಂತೆ.

ನನಗೂ ಹೊರಡುವ ಮನಸ್ಸು ಬಂತು. ಬಂದರೆ ಸಾಕೆ? ಮೊದಲು ನನ್ನ ರೊಟ್ಟಿಯಲ್ಲಿ ಅರ್ಧ ಕಡಿಮೆಯಾಯಿತು, ಆಮೇಲೆ ಆ ಅರ್ಧದಲ್ಲಿ ಅರ್ಧ. ನನ್ನ ಚಾಪೆ ದಿನಕ್ಕೊಂದಿಷ್ಟು ಬಾಗಿಲ ಕಡೆಗೆ ಸರಿಯಿತು. ಸಂಜೆ ಕದ ಹಾಕಿದ ಮೇಲೆ ಕದದವಳು ನನ್ನನ್ನು ಓಣಿಗೆ ಕಳಿಸುತ್ತಿದ್ದಳು, "ಹೋಗೋದನ್ನ ಸ್ವಲ್ಪ ಸ್ವಲ್ಪ ನಡೆದು ಕಳ್ಕೋ ಅಕ್ಕಾ, ಒಟ್ಟಿಗೆ ಹೊತ್ಕೊಂಡು ಹೋದ್ರೆ ಮುಂದಿನ ಊರಲ್ಲಿ ಯಾರಿಗಾದ್ರೂ ಸುಡುತ್ತೆ" ಎಂದು. ನಾನು ನಡೆದೆ. ನಾನು ಬಿಟ್ಟುಬಂದ ಎಷ್ಟೋ ಊರುಗಳು ಆ ಓಣಿಯಲ್ಲಿ ನನ್ನ ಜೊತೆ ನಡೆದು, ಒಂದೊಂದಾಗಿ ಕಳಚಿಕೊಂಡವು.

ರೊಟ್ಟಿ ಇರುವೆಗೆ ಸಾಕಾಗುವಷ್ಟಕ್ಕೆ ಬಂದ ಬೆಳಿಗ್ಗೆ ಕದದವಳು ಹೆಬ್ಬಾಗಿಲು ತೆರೆದಳು. ಮುದುಕಿ ಗೆರೆಯಿಲ್ಲದ ಕೈಯಿಂದ ನನ್ನ ತಲೆ ಸವರಿದಳು. ಯಜಮಾನನ ಮನೆಯೊಳಗಿನಿಂದ, ಯಾರೂ ಹಾದುಹೋಗುತ್ತಿಲ್ಲದ ಆ ಹೊತ್ತಿನಲ್ಲೂ, ಪಿಸುಮಾತಿಗೆ ಇಳಿದ ದನಿಯೊಂದು ಬರುತ್ತಿತ್ತು: "ಒಲೆ ನೋಡ್ಕೊಂಡು... ಒಲೆ..."

ಬಯಲಿನ ತುದಿಗೆ ಬಂದು ತಿರುಗಿ ನೋಡಿದೆ. ತಿರುಗಿ ನೋಡುವುದು ನನ್ನ ಅಭ್ಯಾಸವಲ್ಲ. ಗುಡ್ಡ ಅಂಗಿಯ ಗುಂಡಿಯಷ್ಟು ಚಿಕ್ಕದಾಗಿತ್ತು, ಹೆಬ್ಬಾಗಿಲು ಅದರ ತೂತಿನಷ್ಟು. ಅದರೊಳಗೆ ಕದದವಳು ನನಗೆಂದು ಎತ್ತಿದ್ದ ಕೈ, ಐದೂ ಬೆರಳಿನ ಕೈ, ಇನ್ನೂ ಇಳಿಯುತ್ತಲೇ ಇತ್ತು.